ಅರ್ಧ ಸೌಟು

ಅನ್ನ ಬಸಿಯುವ ಹೊತ್ತಿಗೆ ನೀಲಾವತಿ ಮೂಗು ಬಿಟ್ಟು ಬಾಯಿಯಲ್ಲಿ ಉಸಿರಾಡುತ್ತಿದ್ದಳು. ತೊಂಬತ್ತೇಳು ದಿನಗಳಿಂದ ಹೀಗೆ ನಡೆದಿತ್ತು. ಕುಚ್ಚಿಲಕ್ಕಿ ಬೆಂದ ವಾಸನೆ ಬಾಯಿಯ ದಾರಿಯಲ್ಲಿ ಒಳಗೆ ಹೋದರೆ ಅಷ್ಟು ಕಾಡುವುದಿಲ್ಲವೆಂದು ಅವಳೇ ಕಂಡುಕೊಂಡ ಉಪಾಯ. ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ ಮೇಲೆ ಅತ್ತೆ ಪೂವಮ್ಮ ಮಂಡೆಕೋಲಿನಿಂದ ಬಂದು ಪುತ್ತೂರಿನ ಈ ಬಾಡಿಗೆ ಮನೆಯಲ್ಲಿ ನಿಂತಿದ್ದರು. ಚರಿಗೆಯನ್ನು ಬಾಗಿಸುವುದು ಈಗ ಅವರ ಕೆಲಸ. ತಟ್ಟೆ ಅಡ್ಡ ಹಿಡಿದು ಅವರು ಬಾಗಿಸುವಾಗ ದಪ್ಪನೆಯ ಕೆಂಪು ತೆಳಿ ಪಾತ್ರೆಗೆ ಇಳಿಯುತ್ತಿತ್ತು. ಅದಕ್ಕೆ ಎರಡು ಕಲ್ಲುಪ್ಪು ಹಾಕಿ ಬೆರಳಲ್ಲಿ ಕದಡಿ ಚೆಂಬು ತುಂಬಿಸಿ ಸೊಸೆಯ ಕೈಗೆ ಕೊಡುವರು. "ಅನ್ನ ಇಲ್ಲೆ ಅಂದ ಮೇಲೆ ಇದಾದರೂ ಹೊಟ್ಟೆಗೆ ಹೋಗಲಿ. ನೀರೇ ಅಲ್ವಾ." ನೀಲಾವತಿ ನಿಂತಲ್ಲೇ ಕುಡಿದು ಮುಗಿಸುವಳು. ಒಂದು ಚೆಂಬು ಬೆಳಿಗ್ಗೆ, ಒಂದು ಶಾಲೆಯಿಂದ ಬಂದ ಮೇಲೆ, ಒಂದು ಮಲಗುವ ಮುಂಚೆ. ಮೇಲಿನಿಂದ ಎರಡು ಬೇಯಿಸಿದ ಮೊಟ್ಟೆ. ಮೊಟ್ಟೆಯನ್ನು ಕಂಡರೆ ಈಗೀಗ ಅವಳಿಗೆ ಯಾರೋ ತನ್ನನ್ನೇ ದಿಟ್ಟಿಸುತ್ತಿರುವಂತೆ ಅನಿಸುತ್ತಿತ್ತು.

ಇವತ್ತು ಶನಿವಾರ, ಅರ್ಧ ದಿನದ ಶಾಲೆ. ಮಧ್ಯಾಹ್ನ ತೂಕ ನೋಡಿಸಿಕೊಂಡು ಡಾಕ್ಟರ ಹತ್ತಿರ ಹೋಗಬೇಕು. ಸೀರೆಯೊಳಗೆ ಹೊಟ್ಟೆಯ ಪಟ್ಟಿಯನ್ನು ಬಿಗಿದುಕೊಳ್ಳುವಾಗ ಹೊಕ್ಕುಳಿನ ಬಳಿಯ ಗಂಟು ಬೆರಳಿಗೆ ತಾಗಿತು. ನಿಂಬೆಹಣ್ಣಿನಷ್ಟು. ಒತ್ತಿದರೆ ಗುಳು ಎಂದು ಒಳಗೆ ಹೋಗುತ್ತದೆ, ಕೆಮ್ಮಿದರೆ ಬರುತ್ತದೆ. ಎರಡನೆಯ ಬಾಣಂತನದ ನಂತರ ಬಂದದ್ದು, ಎಂಟು ವರ್ಷ ಯಾರಿಗೂ ಹೇಳಿರಲಿಲ್ಲ. ಇಚಿಲಂಪಾಡಿಯ ಚಿಕ್ಕಮ್ಮನಿಗೆ ಇಂಥದ್ದೇ ಗಂಟು ಇತ್ತು. ಆಟಿ ತಿಂಗಳ ಮಳೆಯಲ್ಲಿ ಒಂದು ಬೆಳಿಗ್ಗೆ ಅದು ಒಳಗೆ ಹೋಗಲಿಲ್ಲ. ಹೊಳೆ ತುಂಬಿತ್ತು. ಕುರ್ಚಿಗೆ ಬಿದಿರು ಕಟ್ಟಿ ನಾಲ್ಕು ಜನ ಹೊತ್ತು ದಡದಲ್ಲಿ ಕಾದರು. ದೋಣಿ ಬರುವ ಮೊದಲೇ ಚಿಕ್ಕಮ್ಮ ನೀರು ಕೇಳುವುದನ್ನು ನಿಲ್ಲಿಸಿದ್ದಳು. ಆಗ ನೀಲಾವತಿಗೆ ಹನ್ನೊಂದು ವರ್ಷ. ಈಗ ಅವಳ ಮಗಳಿಗೆ ಹನ್ನೊಂದು. ಮಂಗಳೂರಿನ ಸರ್ಜನರು ಈ ಆಷಾಢದಲ್ಲಿ ನೀಲಾವತಿಯ ಗಂಟನ್ನು ಒತ್ತಿ ನೋಡಿ, "ಕೊಬ್ಬಿನ ಮೇಲೆ ಹೊಲಿಗೆ ನಿಲ್ಲುವುದಿಲ್ಲ. ಎಪ್ಪತ್ತು ಕಿಲೋದ ಕೆಳಗೆ ಇಳಿಸಿ ಕರೆದುಕೊಂಡು ಬನ್ನಿ, ಬರುವ ಮಳೆಗಾಲದ ಮುಂಚೆ" ಎಂದಿದ್ದರು. ಅವಳಿಗೆ ಹೇಳಿದ್ದಲ್ಲ, ಗಂಡ ಮೇದಪ್ಪನಿಗೆ ಹೇಳಿದ್ದು. ಅವಳು ಮೇಜಿನ ಮೇಲೆ ಮಲಗಿ ಚಾವಣಿ ನೋಡುತ್ತಿದ್ದಳು. ಆಗ ಅವಳ ತೂಕ ಎಂಬತ್ತನಾಲ್ಕು.

ಅನ್ನ ಬಿಡುವ ಪಥ್ಯವನ್ನು ಬರೆದುಕೊಟ್ಟವರು ಪುತ್ತೂರಿನ ಡಾಕ್ಟರ್ ರಾಮಪ್ರಸಾದ. ಮೈಸೂರಿನವರು, ಬಂದು ವರ್ಷವಾಗಿರಲಿಲ್ಲ. ಯಾವುದೋ ಪರದೇಶದ ಪತ್ರಿಕೆಯಲ್ಲಿ ಓದಿದ್ದರಂತೆ. ಅನ್ನ ಇಲ್ಲ, ಗೆಣಸು ಇಲ್ಲ, ಬೆಲ್ಲ ಇಲ್ಲ. ಮೊಟ್ಟೆ, ಮೀನು, ಮಾಂಸ, ಸೊಪ್ಪು, ನೀರು ಎಷ್ಟು ಬೇಕಾದರೂ. ಚೀಟಿಯ ಮೇಲೆ ಐದೇ ಸಾಲು. ಅದರ ಭಾರ ಎಷ್ಟೆಂದು ಅವರಿಗೆ ತಿಳಿದಿರಲಾರದು. ಈ ಕಡೆ ಹೆಂಗಸರು ಜ್ವರ ಬಂದರೆ ಅನ್ನ ಬಿಡುತ್ತಾರೆ, ಇಲ್ಲ ಗಂಡನ ಮೇಲೆ ಸಿಟ್ಟಾದರೆ ಬಿಡುತ್ತಾರೆ. ಬಾವಿಕಟ್ಟೆಯಲ್ಲಿ ಆಚೆಮನೆಯವಳು ತಗ್ಗಿದ ದನಿಯಲ್ಲಿ, "ಮೇದಪ್ಪಣ್ಣ ಜನ ಒಳ್ಳೆಯವರೇ ಅಲ್ವಾ ಟೀಚರೇ, ಎಂತ ಆಯ್ತು?" ಎಂದು ಕೇಳಿದ್ದಳು. ಮೇದಪ್ಪನೋ, ತನ್ನ ತಟ್ಟೆಯ ಅನ್ನವನ್ನು ತಪ್ಪು ಮಾಡಿದವನಂತೆ ಬೇಗಬೇಗ ಉಣ್ಣುತ್ತಿದ್ದ.

ಬಸ್ಸಿನ ಹೆಂಗಸರ ಸೀಟಿನಲ್ಲಿ ಕಿಟಕಿಗೆ ಒತ್ತಿ ಕೂತರೂ ಪಕ್ಕದವಳಿಗೆ ಜಾಗ ಸಾಲದು. ಒತ್ತಿ ಕೂರುವುದನ್ನೂ ಅವಳು ಈಗ ಅಭ್ಯಾಸ ಮಾಡಿಕೊಂಡಿದ್ದಳು, ಉಸಿರನ್ನು ಒಳಗೆ ಎಳೆದು, ಕೈಚೀಲವನ್ನು ಹೊಟ್ಟೆಗೆ ಅಡ್ಡ ಹಿಡಿದು. ಶಾಲೆಯಿರುವ ನರಿಮೊಗರಿನ ತನಕ ಗದ್ದೆಗಳು ಕಟಾವಾಗಿ ಕೂಳೆ ಮಾತ್ರ ಉಳಿದಿತ್ತು. ಕೂಳೆ ಕಂಡೊಡನೆ ಒಂದೂವರೆ ತಿಂಗಳ ಹಿಂದಿನ ಹೊಸತಿನ ದಿನ ನೆನಪಾಯಿತು. ಮಂಡೆಕೋಲಿನ ಮನೆಯ ಚಾವಡಿ, ಎರಡು ಸಾಲು ಬಾಳೆಲೆ, ಹೊಸ ಅಕ್ಕಿಯ ಊಟ. ಮೊದಲ ತುತ್ತಿಗೆ ಮುಂಚೆ ಕಿರಿಯರು ಹಿರಿಯರನ್ನು ಕೇಳಬೇಕು. ಸರದಿ ಅವಳಿಗೆ ಬಂದಾಗ ಅವಳು ತಲೆ ತಗ್ಗಿಸಿ, "ಅತ್ತೆ, ಹೊಸತು ಉಣ್ತೇನೆ" ಎಂದಳು. "ಉಣ್ಣು ಮಗ, ನೂರು ಹೊಸತು ಉಣ್ಣು" ಎಂದರು ಪೂವಮ್ಮ. ಎಲ್ಲರೂ ನೋಡುತ್ತಿದ್ದರು. ಅವಳು ತುತ್ತನ್ನು ಬಾಯಿಗೆ ಹಾಕಿದಳು, ನುಂಗಲಿಲ್ಲ. ಆಗ ಐವತ್ತನಾಲ್ಕನೆಯ ದಿನ. ಮೊದಲ ತಿಂಗಳಲ್ಲಿ ಐದು ಕಿಲೋ ಇಳಿದಿತ್ತು, ಒಂದು ತುತ್ತಿನಿಂದ ಎಲ್ಲ ಹಾಳಾಗುತ್ತದೆಂದು ಡಾಕ್ಟರು ಹೆದರಿಸಿದ್ದರು. ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ಕೆಸುವಿನ ಎಲೆಗಳ ನಡುವೆ ಉಗುಳಿದಳು. ಬಾಯಲ್ಲಿ ಅಷ್ಟು ಹೊತ್ತಿದ್ದ ಅನ್ನ ಸಿಹಿಯಾಗಿತ್ತು. ಉಗುಳಿದ ಮೇಲೂ ನಾಲಿಗೆಯಲ್ಲಿ ಉಳಿದ ಆ ಸಿಹಿಗೆ ಅವಳಿಗೆ ನಾಚಿಕೆಯಾಯಿತು. ಒಳಗೆ ಅತ್ತೆ ಯಾರಿಗೋ ಹೇಳುತ್ತಿದ್ದರು: "ನಮ್ಮ ನೀಲ ಉಂಡಳು. ಹೊಸತಿಗೆ ಪಥ್ಯ ಇಲ್ಲೆ." ಅಂದಿನಿಂದ ಗಂಟು ಕೊಂಚ ದೊಡ್ಡದಾಗಿದೆ ಎಂದು ಅವಳ ಮನಸ್ಸು ಹೇಳುತ್ತಿತ್ತು. ಮಕ್ಕಳಿಗೆ ಆರೋಗ್ಯಶಾಸ್ತ್ರ ಕಲಿಸುವವಳು ತಾನು, ಇದೆಲ್ಲ ಮೂಢನಂಬಿಕೆ ಎಂದು ಬುದ್ಧಿ ಹೇಳುತ್ತಿತ್ತು. ಬೆರಳು ಮಾತ್ರ ಪಟ್ಟಿಯ ಮೇಲಿನಿಂದಲೇ ಅಳೆದು ನೋಡುತ್ತಿತ್ತು.

ಮೂರು ತರಗತಿಗಳಿಗೆ ಪಾಠ ಮಾಡಿ, ಒಂದೂವರೆಗೆ ಪುತ್ತೂರಿನಲ್ಲಿ ಇಳಿದಳು. ಡಾಕ್ಟರ ತೂಕದ ಯಂತ್ರ ಕೆಟ್ಟು ಎರಡು ವಾರವಾಗಿತ್ತು. ಅಡಿಕೆ ಅಂಗಡಿಯಲ್ಲಿ ನೋಡಿಸಿಕೊಂಡು ಬನ್ನಿ, ತೂಕ ತೂಕವೇ, ಎಂದಿದ್ದರು ಅವರು. ಅಂಗಡಿಯ ಮುಂಚಾವಡಿಯ ತೊಲೆಯಿಂದ ನೇತಾಡುವ ದೊಡ್ಡ ತಕ್ಕಡಿ, ಒಂದೊಂದು ಹಲಗೆಗೂ ನಾಲ್ಕು ಹಗ್ಗ. ತೂಗುವ ಪೋಕರ್ ಬ್ಯಾರಿ ಅವಳನ್ನು ಕಂಡದ್ದೇ ಇಬ್ಬರು ಹಮಾಲರನ್ನು ಒಳಗೆ ಕಳಿಸಿ, ಹಲಗೆಯ ಮೇಲೆ ತನ್ನ ಹೆಗಲಿನ ತೊಳೆದ ತೋರ್ತು ಹಾಸಿದ. "ಕೂತ್ಕೊಳ್ಳಿ ಟೀಚರಮ್ಮ. ಹಗ್ಗ ಹಿಡ್ಕೊಳ್ಳಿ, ಹೆದರ್ಬೇಡಿ. ಇದರಲ್ಲಿ ಎರಡು ಮೂಟೆ ಒಟ್ಟಿಗೆ ಕೂತದ್ದುಂಟು." ಅವಳು ಕೂತಳು. ಕಾಲು ನೆಲ ಬಿಟ್ಟಿತು. ಆಚೆಯ ಹಲಗೆಗೆ ಅವನು ಒಂದೊಂದೇ ಕಲ್ಲನ್ನು, ಸದ್ದಾಗದಂತೆ, ಮೊಟ್ಟೆ ಇಡುವ ಹಾಗೆ ಇಟ್ಟ. ಈ ಮನುಷ್ಯನಿಗೆ ತನ್ನ ಮಾನದ ಬೆಲೆ ಗೊತ್ತಿದೆ ಎಂದು ಅವಳಿಗೆ ಕಣ್ಣು ತುಂಬಿ ಬರುವಷ್ಟರಲ್ಲಿ ಮುಳ್ಳು ನಿಂತಿತು. ಇಪ್ಪತ್ತು ವರ್ಷದ ಅಭ್ಯಾಸ ಅವನ ಗಂಟಲಿನಲ್ಲಿ ಕೂತಿತ್ತಲ್ಲ. ಅಂಗಡಿಯಲ್ಲಿ ತೂಕವನ್ನು ಕೂಗಿಯೇ ಹೇಳಬೇಕು, ಒಳಗೆ ಗುಮಾಸ್ತ ಬರೆದುಕೊಳ್ಳಲು.

"ಎಂಬತ್ತೊಂದೇ... ಎಂಬತ್ತೊಂದು!"

ಒಳಗಿನಿಂದ ಗುಮಾಸ್ತ ತಲೆ ಎತ್ತದೆ ಕೇಳಿದ: "ಗೋಣಿಗೆ ಎಷ್ಟು ಕಳೆಯುದು?"

"ಗೋಣಿ ಅಲ್ಲ ಮಾರಾಯ್ರೆ, ನಮ್ಮ ನರಿಮೊಗರು ಟೀಚರು!"

ಅಂಗಡಿ, ಪಕ್ಕದ ಅಂಗಡಿ, ಎದುರಿನ ಸೋಡಾದಂಗಡಿ ಒಟ್ಟಿಗೆ ನಕ್ಕವು. ಪೋಕರ್ ನಾಲಿಗೆ ಕಚ್ಚಿಕೊಂಡ. "ತಪ್ಪಾಯ್ತು ಟೀಚರಮ್ಮ, ಬಾಯಿಗೆ ಅಭ್ಯಾಸ" ಎಂದು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದ. ಅವಳು ಇಳಿದು ನೆರಿಗೆ ಸರಿಮಾಡಿಕೊಂಡು ಸೋಡಾದಂಗಡಿಯ ಎದುರಿನಿಂದಲೇ ನಡೆದಳು. ಬೇರೆ ದಾರಿಯಿತ್ತು, ಹಿಡಿಯಲಿಲ್ಲ. ನಗು ಅಷ್ಟು ತಾಗಿರಲಿಲ್ಲ. ಎಂಬತ್ತೊಂದು ತಾಗಿತ್ತು. ಹೋದ ತಿಂಗಳು ಎಪ್ಪತ್ತೊಂಬತ್ತಿತ್ತು. ತೊಂಬತ್ತೇಳು ದಿನ ಒಂದು ಅಗುಳು ಗಂಟಲಿನಿಂದ ಕೆಳಗೆ ಇಳಿದಿಲ್ಲ, ಮೇಲಿನಿಂದ ಎರಡು ಕಿಲೋ. ಎಲ್ಲಿಂದ ಬಂತು? ಗಾಳಿ ಕುಡಿದು ಊದುತ್ತಿದ್ದೇನೆಯೇ? ಉಗುಳಿದ್ದು ಹಿಂದೆ ಬರುತ್ತದೆಯೇ?

ಡಾಕ್ಟರ ಕೋಣೆಗೂ ಹೊರಗಿನ ಬೆಂಚಿಗೂ ನಡುವೆ ಇದ್ದದ್ದು ಎದೆಯೆತ್ತರದ ಹಲಗೆಯ ತಡೆ. ಒಳಗೆ ಆಡಿದ್ದು ಹೊರಗೆ ಕೇಳುತ್ತದೆ, ಹೊರಗಿನವರು ಕೇಳದವರಂತೆ ಕೂರುತ್ತಾರೆ. ಮೂಲೆಯಲ್ಲಿ ಕಂಪೌಂಡರ್ ಬೆಳ್ಯಪ್ಪ ಕೆಂಪು ಮದ್ದನ್ನು ಬಾಟಲಿಗೆ ತುಂಬಿಸುತ್ತಿದ್ದ.

"ಎಂಬತ್ತೊಂದಾ?" ರಾಮಪ್ರಸಾದರು ಕನ್ನಡಕ ತೆಗೆದರು. "ನಿಜ ಹೇಳ್ರಿ ಟೀಚರ್. ಕದ್ದು ತಿಂತೀರಾ?"

ಬೆಂಚಿನ ಮೇಲೆ ಯಾರೋ ಕೆಮ್ಮುವುದನ್ನು ನಡುವೆಯೇ ನಿಲ್ಲಿಸಿದರು. ಡಾಕ್ಟರು ಕೇಳಿದ ಆ ದನಿಯ ಪರಿಚಯ ನೀಲಾವತಿಗಿತ್ತು. ಅದು ಅವಳದೇ ದನಿ. ಹೋದ ವರ್ಷ ಶಾಲೆಗೆ ಬಂದ ಹಾಲಿನ ಹುಡಿಯ ಡಬ್ಬಿ ತೆರೆದಿತ್ತು, ಮೂರನೆಯ ತರಗತಿಯ ಲೋಲಾಕ್ಷಿಯ ತುಟಿಯಲ್ಲಿ ಬಿಳಿ ಅಂಟಿತ್ತು. "ನಿಜ ಹೇಳು. ಕದ್ದು ತಿಂದೆಯಾ?" "ಇಲ್ಲ ಟೀಚರೇ." ಬಾಗಿಲ ಬಳಿ ಒಂದು ಗಂಟೆ ನಿಲ್ಲಿಸಿದ್ದಳು. ಮನೆಯ ಕೂಸಿಗೆಂದು ಹೆಡ್‌ಮಾಸ್ತರರೇ ಒಂದು ಪೊಟ್ಟಣ ಕೊಟ್ಟಿದ್ದರೆಂದು ಸಂಜೆ ತಿಳಿಯಿತು. ಹುಡುಗಿ ಅಳಲಿಲ್ಲ, ಎದುರು ಮಾತಾಡಲಿಲ್ಲ, ಮರುದಿನದಿಂದ ಏನು ಕೇಳಿದರೂ ಗೊತ್ತಿಲ್ಲ ಎನ್ನತೊಡಗಿದಳು. ತಾನೂ ಈಗ ಹಾಗೆಯೇ ಸುಮ್ಮನಾಗಿ ಚೀಟಿ ತೆಗೆದುಕೊಂಡು ಹೋಗಬಹುದು. ಹೋದ ಎರಡು ತಿಂಗಳೂ ಹಾಗೆಯೇ ಮಾಡಿದ್ದಳು.

"ಇಲ್ಲ ಡಾಕ್ಟ್ರೇ. ಕದಿಯುವ ಜನ ಅಲ್ಲ ನಾನು" ಎಂದಳು. ದನಿ ತಡೆಯನ್ನು ದಾಟಿ ಬೆಂಚಿಗೆ ಹೋಯಿತು, ಹೋಗಲಿ. "ಬೆಳಿಗ್ಗೆಯಿಂದ ಎಂತೆಂತ ಅಂತ ಹೇಳ್ತೇನೆ, ಬರ್ಕೊಳ್ಳಿ. ಎದ್ದ ಕೂಡಲೇ ಎರಡು ಮೊಟ್ಟೆ, ಒಂದು ಚೆಂಬು ತೆಳಿ. ಮಧ್ಯಾಹ್ನ ಮೀನು, ಸೊಪ್ಪು. ಶಾಲೆ ಬಿಟ್ಟ ಮೇಲೆ ಒಂದು ಚೆಂಬು ತೆಳಿ. ರಾತ್ರಿ..."

"ತೆಳಿ ಅಂದರೆ?"

ಬೆಳ್ಯಪ್ಪ ಬಾಟಲಿಯನ್ನು ಕೆಳಗಿಟ್ಟ. "ಗಂಜಿ ನೀರು ಡಾಕ್ಟ್ರೇ. ಅನ್ನ ಬಸಿದದ್ದು. ಇಲ್ಲಿ ಎಲ್ಲರೂ ಕುಡೀತಾರೆ."

ಡಾಕ್ಟರು ಒಂದು ಕ್ಷಣ ಅವಳನ್ನೇ ನೋಡಿ, ಆಮೇಲೆ ನಕ್ಕರು. ಕೆಟ್ಟ ನಗುವಲ್ಲ, ಲೆಕ್ಕ ಬಿಡಿಸಿದವನ ನಗು. "ಅಮ್ಮಾ ತಾಯೀ! ಅನ್ನ ಬಿಟ್ಟು ಅನ್ನದ ರಸ ಕುಡೀತಿದ್ದೀರಲ್ಲ. ದಿನಕ್ಕೆ ಮೂರು ಚೆಂಬು! ಗಂಜಿಯ ಹಿಟ್ಟೆಲ್ಲ ಅದರಲ್ಲೇ ಅಲ್ವೇನ್ರಿ ಇರೋದು?" ಬೆಂಚಿನ ಮೇಲೆ ಈಗ ಧಾರಾಳವಾಗಿ ಕೆಮ್ಮಿದರು. ನೀಲಾವತಿಯ ಕಿವಿ ಬಿಸಿಯಾಯಿತು. ನೀರು ಎಷ್ಟು ಬೇಕಾದರೂ ಎಂದು ಚೀಟಿಯಲ್ಲಿತ್ತು. ತೆಳಿಯನ್ನು ಯಾರು ಆಹಾರವೆಂದು ಎಣಿಸಿದ್ದಾರೆ? ಹಟ್ಟಿಯ ದನಕ್ಕೆ, ಬಾಣಂತಿಗೆ, ಬಿಸಿಲಲ್ಲಿ ಬಂದವರಿಗೆ ಕೊಡುವುದು ಅದು. ಬೆರಳಲ್ಲಿ ಉಪ್ಪು ಕದಡುವ ಪೂವಮ್ಮನ ಕೈ ಕಣ್ಣಿಗೆ ಕಟ್ಟಿತು. ಈ ಎರಡು ಕಿಲೋ ಆ ಕೈಯಿಂದ ಬಂದದ್ದು.

"ಸರಿ, ಸಿಕ್ಕಿತಲ್ಲ. ತೆಳಿ ನಿಲ್ಲಿಸಿ, ಉಳಿದದ್ದು ಇದ್ದ ಹಾಗೇ" ಎಂದು ಡಾಕ್ಟರು ಪೆನ್ನು ಮುಚ್ಚಿದರು.

ಎದ್ದು ಹೋಗಬೇಕಾದ ಕ್ಷಣ ಅದು. ಕಾಲು ಏಳಲು ಹೊರಟಿತ್ತು ಕೂಡ. "ಬೇಡ ಡಾಕ್ಟ್ರೇ" ಎಂದಳು ನೀಲಾವತಿ. "ಈ ಪಥ್ಯ ಇನ್ನು ನನಗೆ ಬೇಡ. ತೂಕ ಇಳಿಸುದು ಬೇಡ ಅಂತ ಅಲ್ಲ, ಇಳಿಸಿಯೇ ಇಳಿಸ್ತೇನೆ. ದಾರಿ ಬೇರೆ ಬೇಕು."

"ಯಾಕೆ? ನಾಲಿಗೆ ಕೇಳುತ್ತಾ?"

ಹೇಳಬೇಕು. ಮೂರು ತಿಂಗಳಿಂದ ಗಂಡನಿಗೂ ಹೇಳದ್ದು, ಬೆಂಚಿನ ಮೇಲೆ ಏಳು ಜನ, ಅದರಲ್ಲಿ ಒಬ್ಬ ಅವಳ ವಿದ್ಯಾರ್ಥಿಯ ಅಪ್ಪ. ಚಿಕ್ಕಮ್ಮನೂ ಹೇಳಿರಲಿಲ್ಲ, ಹೇಳದೆ ಮರ್ಯಾದೆಯಿಂದ ಹೊಳೆಯ ದಡದಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ನೀಲಾವತಿ ಪಾಠ ಓದಿಸುವಾಗಿನ ದನಿಯಲ್ಲಿ, ತಗ್ಗಿಸದೆ ಏರಿಸದೆ ಹೇಳಿದಳು. "ಮೊಟ್ಟೆ ಮೀನು ತಿಂದು ಹೊಟ್ಟೆ ಕಟ್ಟಿದೆ. ಮೂರು ದಿನಕ್ಕೊಮ್ಮೆ ಹೊರಗೆ ಹೋಗುದು. ಬಲ ಕೊಟ್ಟು ಮುಕ್ಕುವಾಗ ಗಂಟು ಹೊರಗೆ ಬರ್ತದೆ. ಹೋದ ಮಂಗಳವಾರ ಬಂದದ್ದು ಕಾಲು ಗಂಟೆ ಒಳಗೆ ಹೋಗಲಿಲ್ಲ. ನಾನು ಅಲ್ಲಿಯೇ ಗೋಡೆ ಹಿಡಿದು ಕೂತಿದ್ದೆ."

ಯಾರೂ ಕೆಮ್ಮಲಿಲ್ಲ. ರಾಮಪ್ರಸಾದರು ಮುಚ್ಚಿದ ಪೆನ್ನನ್ನು ಬೆರಳುಗಳ ನಡುವೆ ತಿರುಗಿಸುತ್ತ ಕೂತರು. ಅವರ ಮುಖ ಇದ್ದಕ್ಕಿದ್ದಂತೆ ತೀರಾ ಎಳೆಯದಾಗಿ ಕಂಡಿತು, ಮೂವತ್ತೂ ಆಗಿರಲಿಕ್ಕಿಲ್ಲ. "ಇದನ್ನ ಮೊದಲೇ ಹೇಳಬಾರದಿತ್ತೇನಮ್ಮ" ಎಂದರು. ಪೆನ್ನನ್ನು ಮೇಜಿನ ಮೇಲಿಟ್ಟು, "ನಾನೂ ಕೇಳಲಿಲ್ಲ" ಎಂದರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಹೊಸ ಚೀಟಿ ಬರೆಯಲು ಅರ್ಧ ಗಂಟೆ ಹಿಡಿಯಿತು, ಯಾಕೆಂದರೆ ಅರ್ಧ ಅವಳೇ ಹೇಳಿದ್ದು. ಅನ್ನ ಉಂಟು, ಊಟಕ್ಕೆ ಒಂದು ಸೌಟು ಮಾತ್ರ, ಚೆನ್ನಾಗಿ ಬಸಿದದ್ದು. ತೆಳಿ ದನಕ್ಕೆ. ಸೊಪ್ಪು ತರಕಾರಿ ಅನ್ನದ ಎರಡರಷ್ಟು, ತೆಂಗಿನಕಾಯಿ ಒಗ್ಗರಣೆಯಷ್ಟು, ಮಜ್ಜಿಗೆ. ಬೆಳಕಿರುವಾಗಲೇ ರಾತ್ರಿಯ ಊಟ, ಆಮೇಲೆ ಬೆಳಗಿನ ತನಕ ನೀರಲ್ಲದೆ ಏನಿಲ್ಲ. ಪಟ್ಟಿ ಕಟ್ಟಿಕೊಂಡು ನಡಿಗೆ. ಶಾಲೆಗೆ ಹೋಗುವಾಗ ಬಸ್ಸಿಲ್ಲ. "ನಾಲ್ಕು ಮೈಲಿ ಆಗುತ್ತಲ್ರಿ?" "ಆಗ್ತದೆ. ಏಳು ಗಂಟೆಗೆ ಹೊರಟರಾಯ್ತು." ಬೇಗ ಇಳಿಯುವುದಿಲ್ಲ ಎಂದು ಅವರು ಎಚ್ಚರಿಸಿದರು. ಆರು ವಾರ ನೋಡುವ, ತಿಂಗಳಿಗೆ ಎರಡು ಕಿಲೋ ಇಳಿದರೂ ಮಳೆಗಾಲದ ಹೊತ್ತಿಗೆ ಮುಟ್ಟಬಹುದು, ಒಂದು ತಿಂಗಳೂ ತಪ್ಪಬಾರದು. "ಗಂಟು ಒಳಗೆ ಹೋಗದಿದ್ದರೆ ತೂಕ ಗೀಕ ನೋಡಬೇಡಿ, ಆ ಕ್ಷಣ ಬನ್ನಿ." ಅವಳು ಬೆಂಚಿನ ಎದುರಿನಿಂದ ಹೊರಗೆ ಬಂದಾಗ ವಿದ್ಯಾರ್ಥಿಯ ಅಪ್ಪ ಎದ್ದು ನಿಂತು ಕೈ ಮುಗಿದ. ಅವಳೂ ಮುಗಿದಳು.

ಮನೆಯಲ್ಲಿ ಪೂವಮ್ಮ ಜಗಲಿಯ ತುದಿಗೆ ಬಂದು ನಿಂತಿದ್ದರು, ಕೈಯಲ್ಲಿ ಚೆಂಬು. "ಬಾ, ಬಿಸಿಲಲ್ಲಿ ಬಂದೆ. ಎಂತ ಆತ್? ಎಷ್ಟು ಇಳಿದಿದೆಯಂತೆ?"

ದಾರಿಯುದ್ದಕ್ಕೂ ಅವಳು ಸುಳ್ಳೊಂದನ್ನು ಹೊಂದಿಸಿಕೊಂಡು ಬಂದಿದ್ದಳು, ಡಾಕ್ಟರು ತಾವೇ ಪಥ್ಯ ಬದಲಾಯಿಸಿದರು ಎಂದು. ಚೆಂಬನ್ನು ಕಂಡಾಗ ಅದು ಬಾಯಿಗೆ ಬರಲಿಲ್ಲ. ಜಗಲಿಯಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತೆಳಿಯ ಮಾತು ಬಂದಾಗ ಪೂವಮ್ಮ ಚೆಂಬನ್ನು ನೋಡಿದರು, ಮೆಲ್ಲಗೆ ನೆಲದ ಮೇಲಿಟ್ಟರು. ಎರಡೂ ಕೈಯನ್ನು ಸೀರೆಗೆ ಒರಸಿಕೊಂಡರು, ಅಲ್ಲಿ ಏನೋ ಅಂಟಿದೆಯೆಂಬಂತೆ. "ಹಾಗಾದರೆ ನಾನೇ..." ಎಂದು ನಿಂತರು. ಅರವತ್ತೆಂಟು ವರ್ಷದ ಮುಖ ಅದು. ಅದು ಕದ್ದವರ ಮುಖದಂತೆ ಆದದ್ದನ್ನು ನೀಲಾವತಿ ಎಂದೂ ಕಂಡಿರಲಿಲ್ಲ. ಅದನ್ನು ಹಾಗೆ ಬಿಟ್ಟು ಒಳಗೆ ಹೋಗಲು ಸಾಧ್ಯವಿರಲಿಲ್ಲ. ಅವರೊಬ್ಬರೇ ತಪ್ಪಿನ ಬದಿಯಲ್ಲಿ ನಿಲ್ಲಬಾರದು.

"ನಾನೂ ಒಂದು ಮಾಡಿದ್ದೇನೆ ಅತ್ತೆ. ಹೊಸತು ನಾನು ಉಣ್ಣಲಿಲ್ಲ. ನಿಮ್ಮನ್ನು ಕೇಳಿ ಬಾಯಿಗೆ ಹಾಕಿದೆ, ಹಿತ್ತಿಲಲ್ಲಿ ಉಗುಳಿದೆ."

"ಉಗುಳಿದೆಯಾ" ಎಂದರು ಪೂವಮ್ಮ, ಪ್ರಶ್ನೆಯಾಗಿ ಅಲ್ಲ. ಎದ್ದು ಚೆಂಬನ್ನು ತೆಗೆದುಕೊಂಡು ಆಚೆಮನೆಯ ಹಟ್ಟಿಯ ಕಡೆಗೆ ಹೋದರು. ದನ ತೆಳಿ ಹೀರುವ ಸದ್ದು ಕೇಳಿತು. ಹಿಂದೆ ಬಂದವರು ನೇರ ಅಡಿಗೆಮನೆಗೆ ಹೋಗಿ ಒಲೆಗೆ ಸೌದೆ ನೂಕಿದರು. ಅವಳು ಕ್ಷಮಿಸಿ ಎನ್ನಲು ಎರಡು ಸಲ ಬಾಗಿಲ ತನಕ ಹೋದಳು. ಬೆನ್ನು ತಿರುಗಲಿಲ್ಲ. ಹರಿವೆ ಸೊಪ್ಪು ಹೆಚ್ಚುವ ಸದ್ದು ಮಾತ್ರ ಬೇಕಾದ್ದಕ್ಕಿಂತ ಜೋರಾಗಿತ್ತು.

ಬೆಳಕಿನ್ನೂ ಅಂಗಳದಲ್ಲಿರುವಾಗ ಪೂವಮ್ಮ ಕರೆದರು. "ಬಾ. ನಿನ್ನ ಡಾಕ್ಟ್ರಿಗೆ ಕತ್ತಲಾಗಬಾರದಲ್ಲ." ಮಣೆ ಹಾಕಿತ್ತು, ತಟ್ಟೆ ಒಂದೇ. ತೆಂಗಿನ ಗೆರಟೆಯ ಸೌಟಿನಲ್ಲಿ ಅನ್ನ ತೆಗೆದವರು ಬಡಿಸದೆ ನಿಂತರು. "ಒಂದೇ ಸೌಟು ಅಂದೆಯಲ್ಲ. ಒಂದು ಸಲ ಬಡಿಸಿ ಬಿಡುದು ಸತ್ತವರಿಗೆ ಇಡುವಾಗ. ನಾನು ಬದುಕಿದವಳ ತಟ್ಟೆಗೆ ಹಾಗೆ ಬಡಿಸುದಿಲ್ಲೆ. ನಿನ್ನ ಡಾಕ್ಟ್ರು ಬಂದು ಹೇಳಲಿ, ಬಡಿಸುದಿಲ್ಲೆ." ನೀಲಾವತಿ ಯೋಚಿಸಿದಳು. ಹಸಿವಿನಲ್ಲಿ ತಲೆ ತಿಳಿಯಾಗಿತ್ತು. "ಅರ್ಧ ಸೌಟು ಹಾಕಿ ಅತ್ತೆ. ಆಮೇಲೆ ಇನ್ನರ್ಧ. ಎರಡು ಸಲ ಆಯ್ತಲ್ಲ." ಮುದುಕಿ ಸೌಟನ್ನು ನೋಡಿದರು, ಸೊಸೆಯನ್ನು ನೋಡಿದರು. "ಟೀಚರಾದದ್ದು ಸುಮ್ಮನೆ ಅಲ್ಲ" ಎಂದು ಗೊಣಗಿ ಅರ್ಧವನ್ನು ತಟ್ಟೆಗೆ ಸುರಿದರು.

ಅನ್ನ ಬಾಯಲ್ಲಿ ಒಡೆಯಿತು. ಮೂಗಿನಲ್ಲಿ ಉಸಿರಾಡಿದಳು. ಪ್ರತಿ ತುತ್ತಿಗೆ ಸೊಪ್ಪು ಎರಡರಷ್ಟು, ಪ್ರತಿ ತುತ್ತನ್ನು ಇಪ್ಪತ್ತು ಸಲ ಅಗಿದು. ನುಂಗಿದಳು. ಇನ್ನರ್ಧ ಬಂತು. ಅದೂ ಮುಗಿಯುತ್ತ ಬಂತು, ಹಸಿವು ಮುಗಿಯಲಿಲ್ಲ. ಈಗಲೇ ಎಚ್ಚರವಾದಂತೆ ಹಸಿವು ಎದ್ದು ಕೂತಿತು. ಚರಿಗೆಯಿಂದ ಹಬೆ ಏಳುತ್ತಿತ್ತು. ಇವತ್ತು ಒಂದು ದಿನ, ಎಂದು ಒಳಗೆ ಯಾರೋ ಬೇಡಿದರು. ತೊಂಬತ್ತೇಳು ದಿನದ ಮೇಲೆ ಒಂದು ದಿನ. ಆಗ ಪೂವಮ್ಮ ಮೂರನೆಯ ಸಲ ಸೌಟು ತುಂಬಿಸಿ ಬಾಗಿದರು. ಮರೆತೋ, ಪ್ರೀತಿಗೋ, ಮನಸ್ಸಿನಲ್ಲಿ ಉಳಿದ ಸಿಟ್ಟಿಗೋ, ಅವರಿಗೂ ಗೊತ್ತಿರಲಿಲ್ಲವೇನೋ. ಐವತ್ತು ವರ್ಷ ಬಡಿಸಿದ ಕೈ ಅದು. ನೀಲಾವತಿ ಎಡಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದಳು. "ಸಾಕು." ಸೌಟು ಆಗಲೇ ಬಾಗಿತ್ತು. ಬಿಸಿ ಅನ್ನ ಅವಳ ಅಂಗೈಯ ಹಿಂಬದಿಗೆ ಬಿತ್ತು.

ಸುಟ್ಟಿತು. ಕೈ ತೆಗೆದರೆ ಅನ್ನ ತಟ್ಟೆಗೆ ಬೀಳುತ್ತದೆ. ಬಿದ್ದದ್ದನ್ನು ಬಿಟ್ಟು ಏಳಲು ಈ ಮನೆಯಲ್ಲಿ ಯಾರಿಗೂ ಬರುವುದಿಲ್ಲ, ಅವಳಿಗಂತೂ ಬಾರದು. ಅವಳು ಕೈ ತೆಗೆಯಲಿಲ್ಲ.

"ಅಯ್ಯೋ ಮಗ, ಸುಡ್ತದೆ, ತೆಗಿ!" ಪೂವಮ್ಮ ಸೌಟನ್ನು ಬಿಸಾಡಿ ಎದುರಿಗೆ ಕುಸಿದು ಕೂತರು.

"ಇಲ್ಲ ಅತ್ತೆ. ನೀವು ತೆಗೀರಿ."

ಮುದುಕಿ ಆ ಕೈಯ ಮೇಲಿಂದ ಅನ್ನವನ್ನು ಬೆರಳಲ್ಲಿ ಬಾಚಿದರು. ಉಳಿದ ಅಗುಳುಗಳನ್ನು ಒಂದೊಂದಾಗಿ ಹೆಕ್ಕಿ, ಎಂಜಲೋ ಏನೋ ಎಂದು ನೋಡದೆ, ತನ್ನ ಬಾಯಿಗೆ ಹಾಕಿಕೊಂಡರು. ಒಂದು ಅಗುಳೂ ಉಳಿಯದ ತನಕ ನೀಲಾವತಿ ಕೈಯನ್ನು ಹಾಗೆಯೇ ಹಿಡಿದಿದ್ದಳು.